ನಷ್ಟದ ಖಾತೆಯಲ್ಲಿ ಬರೆದ ಪಾಠ

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ಸಾಮಾನ್ಯವಾಗಿ ಪರಿಹಾಸಕ್ಕಾಗಿ ಬಳಸುವುದುಂಟು. ಆದರೆ ವಾಣಿಜ್ಯದಲ್ಲಿ ಅಡುಗೆ ಒಂದೇ ದಿನದ್ದಲ್ಲ. ಇಂದು ಒಲೆ ಏಕೆ ತಡವಾಗಿ ಉರಿಯಿತೆಂದು ಅರಿತವನಿಗೆ ನಾಳಿನ ಅಡುಗೆಯಾದರೂ ಹದವಾಗಿ ಕೈಗೂಡೀತು. ಅಮೆರಿಕದ ಇಂಟೆಲ್ ಸಂಸ್ಥೆಯ ಇತಿಹಾಸ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಗಣಕಯಂತ್ರದ ಮಿದುಳೆನಿಸಿದ ಪೆಂಟಿಯಂ ಚಿಪ್ಪನ್ನು ಈ ಸಂಸ್ಥೆ ೧೯೯೩ರಲ್ಲಿ ಮಾರುಕಟ್ಟೆಗೆ ತಂದಿತು. ವರ್ಜೀನಿಯಾ ಪ್ರಾಂತದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವರು ಅವಳಿ ಅವಿಭಾಜ್ಯ ಸಂಖ್ಯೆಗಳನ್ನು ಕುರಿತು ಲೆಕ್ಕ ಮಾಡುತ್ತಿದ್ದಾಗ, ೧೯೯೪ರಲ್ಲಿ, ಆ ಚಿಪ್ಪು ಕೆಲವು ಭಾಗಾಕಾರಗಳಲ್ಲಿ ತಪ್ಪು ಉತ್ತರ ಕೊಡುವುದನ್ನು ಕಂಡುಹಿಡಿದರು. ಭಾಗಾಕಾರಕ್ಕಾಗಿ ಚಿಪ್ಪಿನೊಳಗೆ ಅಳವಡಿಸಿದ್ದ ಕೋಷ್ಟಕದಲ್ಲಿ ೧,೦೬೬ ಮೌಲ್ಯಗಳಿರಬೇಕಾಗಿತ್ತು. ಅವುಗಳಲ್ಲಿ ಐದು ಬಿಟ್ಟುಹೋಗಿದ್ದವು. ಈ ದೋಷ ಸಂಸ್ಥೆಗೆ ಅದಕ್ಕೆ ಮೊದಲೇ ತಿಳಿದಿತ್ತು. ಮುಂದಿನ ತಯಾರಿಕೆಯಲ್ಲಿ ಅದನ್ನು ಸರಿಪಡಿಸಲು ನಿರ್ಧರಿಸಿತ್ತಾದರೂ, ಕೊಂಡವರಿಗೆ ತಿಳಿಸಿರಲಿಲ್ಲ.

ವಿಷಯ ಬಯಲಾದಾಗ ಸಂಸ್ಥೆ ಅಂಕಿಗಳ ಮೊರೆಹೊಕ್ಕಿತು. ಸಾಮಾನ್ಯ ಬಳಕೆದಾರನಿಗೆ ಈ ತಪ್ಪು ೨೭,೦೦೦ ವರ್ಷಗಳಿಗೊಮ್ಮೆ ಎದುರಾದೀತೆಂದು ಅದು ವಾದಿಸಿತು. ತಮಗೆ ಸೂಕ್ಷ್ಮ ಗಣನೆಯ ಅಗತ್ಯವಿದೆಯೆಂದು ಮನವರಿಕೆ ಮಾಡಿಕೊಟ್ಟವರಿಗೆ ಮಾತ್ರ ಚಿಪ್ಪನ್ನು ಬದಲಿಸಿಕೊಡುವುದಾಗಿ ಹೇಳಿತು. ಡಿಸೆಂಬರ್ ೧೨ರಂದು ಐಬಿಎಂ ಸಂಸ್ಥೆ, ತಪ್ಪು ೨೪ ದಿನಗಳಿಗೊಮ್ಮೆ ಒದಗಬಹುದೆಂದು ಸಾರಿ, ಪೆಂಟಿಯಂ ಯಂತ್ರಗಳ ರವಾನೆಯನ್ನು ನಿಲ್ಲಿಸಿತು. ಆಗ ಐಬಿಎಂ ಬೇರೊಂದು ಬಗೆಯ ಚಿಪ್ಪಿನ ತಯಾರಿಕೆಯಲ್ಲಿ ಪಾಲುದಾರನಾಗಿತ್ತೆಂಬುದನ್ನೂ ಮರೆಯಬಾರದು. ಯಾರ ಲೆಕ್ಕ ಸರಿಯೆಂಬುದು ಇಲ್ಲಿ ಎರಡನೆಯ ಮಾತು. ಹಣ ತೆತ್ತವನಿಗೆ ದೋಷ ಮುಖ್ಯವೋ ಅಲ್ಲವೋ ಎಂದು ಮಾರಿದವನೇ ತೀರ್ಪು ಕೊಡಬಹುದೇ ಎಂಬುದೇ ಮೊದಲ ಪ್ರಶ್ನೆ. ಡಿಸೆಂಬರ್ ೨೦ರಂದು ಸಂಸ್ಥೆ ಕ್ಷಮೆ ಕೋರಿ, ಕೇಳಿದವರಿಗೆಲ್ಲ ಚಿಪ್ಪನ್ನು ಬದಲಿಸಿಕೊಡಲು ಒಪ್ಪಿತು. ಆ ಬಾಬ್ತಿಗೆ ೪೭.೫ ಕೋಟಿ ಡಾಲರುಗಳನ್ನು ಖರ್ಚು ಹಾಕಬೇಕಾಯಿತು.

ಇಷ್ಟು ಹಣ ತೆತ್ತು ಪಡೆದ ಪಾಠವನ್ನು ಸಂಸ್ಥೆ ವ್ಯರ್ಥಗೊಳಿಸಲಿಲ್ಲ. ಚಿಪ್ಪುಗಳಲ್ಲಿ ಕಂಡುಬಂದ ದೋಷಗಳ ಪಟ್ಟಿಯನ್ನು ಬಹಿರಂಗವಾಗಿ ಪ್ರಕಟಿಸುವ ಪದ್ಧತಿ ಬೆಳೆಯಿತು. ಕೇವಲ ಪರೀಕ್ಷೆಗಳನ್ನು ನೆಚ್ಚದೆ, ಗಣಿತದ ಸಾಧನೆಯಿಂದಲೇ ವಿನ್ಯಾಸದ ನಿರ್ದುಷ್ಟತೆಯನ್ನು ಸ್ಥಾಪಿಸುವ ವಿಧಾನಕ್ಕೆ ಪ್ರೋತ್ಸಾಹ ದೊರೆಯಿತು. ಅಂದಿನ ಮುಖ್ಯಾಧಿಕಾರಿ ಆಂಡ್ರ್ಯೂ ಗ್ರೋವ್ ೧೯೯೬ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಪ್ರಸಂಗವನ್ನು ಮುಚ್ಚಿಡದೆ ವಿವರಿಸಿದರು. ೧೯೯೧ರಿಂದ ನಡೆಸಿದ ಜಾಹೀರಾತುಗಳಿಂದ ಸಾಮಾನ್ಯ ಜನರೇ ತಮ್ಮ ಗಿರಾಕಿಗಳಾಗಿದ್ದರೂ, ಸಂಸ್ಥೆ ಯಂತ್ರ ತಯಾರಕರನ್ನಷ್ಟೇ ಗಿರಾಕಿಗಳೆಂದು ಭಾವಿಸಿತ್ತೆಂಬುದು ಅವರ ವಿಶ್ಲೇಷಣೆಯ ಸಾರ. ಕೋಷ್ಟಕದಲ್ಲಿ ಐದು ಮೌಲ್ಯಗಳು ಬಿಟ್ಟುಹೋದಂತೆ, ಸಂಸ್ಥೆಯ ಗಣನೆಯಲ್ಲಿ ಕೊಂಡವನೇ ಬಿಟ್ಟುಹೋಗಿದ್ದನು.

ಪಾಠದ ಪರೀಕ್ಷೆ ೨೦೧೧ರಲ್ಲಿ ಬಂದಿತು. ಜನವರಿ ೯ರಿಂದ ಮಾರಾಟವಾಗುತ್ತಿದ್ದ ಯಂತ್ರಗಳ ಒಂದು ಸಹಾಯಕ ಚಿಪ್ಪು ಕಾಲಕ್ರಮದಲ್ಲಿ ಕೆಡಬಹುದೆಂದು ತಿಳಿದುಬಂದಿತು. ಮೂರು ವರ್ಷಗಳಲ್ಲಿ ನೂರಕ್ಕೆ ಐದರಷ್ಟು ಮಾತ್ರ ಕೆಟ್ಟಾವೆಂಬುದು ಅಂದಾಜು. ೧೯೯೪ರ ವಾದವನ್ನೇ ಮತ್ತೆ ಹೂಡಲು ಅವಕಾಶವಿತ್ತು. ಸಂಸ್ಥೆ ಹಾಗೆ ಮಾಡದೆ, ಜನವರಿ ೩೧ರಂದು ತಾನೇ ದೋಷವನ್ನು ಘೋಷಿಸಿ ರವಾನೆಯನ್ನು ನಿಲ್ಲಿಸಿತು. ದುರಸ್ತಿಗೆ ೭೦ ಕೋಟಿ ಡಾಲರ್ ವೆಚ್ಚವಾಗುವುದೆಂದೂ, ಆ ತ್ರೈಮಾಸಿಕದ ವರಮಾನದಲ್ಲಿ ೩೦ ಕೋಟಿ ಡಾಲರ್ ಇಳಿಯುವುದೆಂದೂ ತಿಳಿಸಿತು. ಮೊದಲಿಗಿಂತ ಹೆಚ್ಚಿನ ನಷ್ಟವಾದರೂ, ಈ ಬಾರಿ ಅದನ್ನು ಯಾರೂ ಬಲವಂತದಿಂದ ಹೊರಿಸಲಿಲ್ಲ.

ಆದರೂ ಕಲಿತ ಪಾಠ ಶಾಶ್ವತವೆಂದು ಭಾವಿಸಲಾಗದು. ಗ್ರೋವ್ ೨೦೧೬ರಲ್ಲಿ ನಿಧನರಾದರು. ಸಂಸ್ಥೆಯ ೧೩ ಮತ್ತು ೧೪ನೆಯ ಪೀಳಿಗೆಯ ಚಿಪ್ಪುಗಳು ಅಸ್ಥಿರವಾಗಿವೆಯೆಂದು ಬಳಕೆದಾರರು ತಿಂಗಳುಗಟ್ಟಲೆ ದೂರಿದ ಬಳಿಕ, ಅಧಿಕ ವಿದ್ಯುದ್ದಾಬದ ಕಾರಣವನ್ನು ಸಂಸ್ಥೆ ತಿಳಿಸಿದ್ದು ೨೦೨೪ರ ಜುಲೈನಲ್ಲಿ. ಖಾತರಿಯ ಅವಧಿಯನ್ನು ಎರಡು ವರ್ಷ ವಿಸ್ತರಿಸಿದ್ದು ಆಗಸ್ಟಿನಲ್ಲಿ.

ಇದರಿಂದ ಫಲಿಸುವುದೇನು? ನಷ್ಟದ ಮೊತ್ತವನ್ನು ಲೆಕ್ಕಿಗನು ಬರೆದಿಡುತ್ತಾನೆ; ಆದರೆ ಆ ನಷ್ಟಕ್ಕೆ ದಾರಿಮಾಡಿದ ನಿರ್ಣಯವನ್ನೂ, ಅದರ ಹಿಂದಿದ್ದ ಭಾವನೆಯನ್ನೂ ಬರೆದಿಡುವವರು ವಿರಳ. ಅದನ್ನು ಬರೆದಿಡುವುದಷ್ಟೇ ಸಾಲದು. ಗಾದಿಗೆ ಹೊಸಬರು ಬಂದಾಗಲೆಲ್ಲ ಆ ಪುಟವನ್ನು ತೆರೆದು ತೋರಿಸಬೇಕು. ಆಸ್ತಿಪಾಸ್ತಿ ವಾರಸುದಾರರಿಗೆ ತಾನಾಗಿಯೇ ಸಲ್ಲುತ್ತದೆ. ವಿವೇಕವನ್ನು ಮಾತ್ರ ಪ್ರತಿ ತಲೆಮಾರೂ ಹೊಸದಾಗಿ ಸಂಪಾದಿಸಬೇಕಾಗುತ್ತದೆ.