ವೋಟು ಯಾರಿಗೆ? ಕೋಪನ್‌ಹೇಗನ್ ನಗರಸಭೆಯ ಕಥೆ

ಇವತ್ತು ಡೆನ್ಮಾರ್ಕ್ ರಾಜಧಾನಿ ಕೋಪನ್‌ಹೇಗನ್‌ನ ನಗರಸಭೆ ಚುನಾವಣೆ ಬಗ್ಗೆ ಮಾತಾಡೋಣ.

ಡೆನ್ಮಾರ್ಕ್‌ಗೆ 1849ರಲ್ಲೇ ಸಂವಿಧಾನ ಬಂತು, ಆದ್ರೆ ಹೆಂಗಸರಿಗೆ ವೋಟಿರಲಿಲ್ಲ. 1908ರ ಕಾನೂನು ತೆರಿಗೆ ಕಟ್ಟೋ ಹೆಂಗಸರಿಗೂ, ತೆರಿಗೆದಾರರ ಹೆಂಡಂದಿರಿಗೂ ಸ್ಥಳೀಯ ಚುನಾವಣೆಯಲ್ಲಿ ಮತ ಕೊಟ್ಟಿತು. 1909ರ ಮಾರ್ಚ್‌ನಲ್ಲಿ ಕೋಪನ್‌ಹೇಗನ್ ನಗರಸಭೆಗೆ 7 ಮಹಿಳೆಯರು ಆರಿಸಿ ಬಂದರು. ಪಾರ್ಲಿಮೆಂಟಿಗೆ ವೋಟು ಹಾಕೋ ಹಕ್ಕು ಅವರಿಗೆ ಸಿಕ್ಕಿದ್ದು ಆಮೇಲೆ, 1915ರಲ್ಲಿ.

ಮುಂದಿನ ಸರದಿ ವಲಸಿಗರದು. 1977ರಲ್ಲಿ ಅಕ್ಕಪಕ್ಕದ ನಾರ್ಡಿಕ್ ದೇಶದವರಿಗೆ, 1981ರಲ್ಲಿ ಉಳಿದ ವಿದೇಶಿಯರಿಗೆ ಸ್ಥಳೀಯ ಮತ ಬಂತು. ಪೌರತ್ವ ಬೇಡ, ಆಗ 3 ವರ್ಷ ಅಲ್ಲಿ ವಾಸವಿದ್ದರೆ ಸಾಕಿತ್ತು. ಯಾಕಂದ್ರೆ ಅಲ್ಲಿ ಶಾಲೆ, ಶಿಶುವಿಹಾರ, ವೃದ್ಧರ ಆರೈಕೆ ಎಲ್ಲಾ ನಗರಸಭೆಯದೇ. ಆದಾಯ ತೆರಿಗೆಯ ಒಂದು ಪಾಲು ನೇರ ಅದಕ್ಕೇ ಹೋಗುತ್ತೆ. ಕಟ್ಟೋನು ಕೇಳಬೇಕಲ್ವಾ? ಆದರೆ ಕೊಟ್ಟ ಹಕ್ಕು ಬಿಗಿಯಾಗಲೂಬಹುದು: ಯುರೋಪಿಯನ್ ಒಕ್ಕೂಟದ ಆಚೆಯಿಂದ ಬಂದ ಬಹುತೇಕರು ಈಗ 4 ವರ್ಷ ಕಾಯಬೇಕು.

ಪುಣೆ, ಚೆನ್ನೈ, ಹೈದರಾಬಾದಿನಲ್ಲಿರೋ ನಾವು ಈ ದೇಶದ ಪ್ರಜೆಗಳೇ. ಫಾರ್ಮ್ 8 ತುಂಬಿದ್ರೆ ವೋಟು ನಾವಿರೋ ಊರಿಗೆ ಬರುತ್ತೆ. ಹುಟ್ಟೂರಿನ ಪಟ್ಟಿಯಿಂದ ಹೆಸರು ಹೋಗುತ್ತಲ್ಲ ಅನ್ನೋ ಸಂಕಟ ನಿಜ. ಆದ್ರೆ ನಲ್ಲಿ ನೀರು, ರಸ್ತೆ ಗುಂಡಿ, ಕಸದ ಗಾಡಿ? ಅವೆಲ್ಲಾ ಈ ಊರಿನವೇ. ನಿಮ್ಮ ಹೆಸರು ಯಾವ ಪಟ್ಟಿಯಲ್ಲಿದೆ? ಕಾಮೆಂಟಲ್ಲಿ ತಿಳಿಸಿ.