ಸಸ್ಯಕ್ರೀಡೆಯೂ ಚರಗವೂ: ಬೆಳ್ವೊಲ-ಪುಲಿಗೆರೆ ಸೀಮೆಯಲ್ಲಿ ಕೃಷಿ ಮತ್ತು ಮನಃಸ್ವಾಸ್ಥ್ಯ

ನೆಲವನ್ನು ಉತ್ತು ಗಿಡಮರಗಳನ್ನು ಬೆಳೆಯಿಸುವ ಕಾರ್ಯವು ಕದಡಿದ ಮನಸ್ಸಿಗೆ ಔಷಧವೆಂಬ ಮಾತು ಈಚೆಗೆ ಚಿಕಿತ್ಸಾಲಯಗಳಲ್ಲಿ ವಿಶೇಷವಾಗಿ ಕೇಳಿಬರುತ್ತಿದೆ. ಕನ್ನಡನಾಡಿನ ಪೂರ್ವಚರಿತ್ರೆಯಲ್ಲಿ ಇದಕ್ಕೆ ಆಧಾರವುಂಟೆ, ಉಂಟಾದರೆ ಯಾವ ಅರ್ಥದಲ್ಲಿ ಎಂಬುದನ್ನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಯುಕ್ತವಾಗಿದೆ. ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂದು ಶಾಸನಗಳಲ್ಲಿ ಹೆಸರಾದ ನಾಡುಗಳು ಈ ಸೀಮೆಯಲ್ಲಿಯೇ ಇದ್ದು, ಕಲ್ಯಾಣದ ಚಾಲುಕ್ಯರ ಆಳಿಕೆಗೆ ಒಳಪಟ್ಟಿದ್ದವು. ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರವು.

ಚರಕಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯದಲ್ಲಿ ಚಿಕಿತ್ಸೆಯು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ತ್ರಿವಿಧವಾಗಿ ಹೇಳಲ್ಪಟ್ಟಿದೆ. ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದೆಗೆಯುವುದೇ ಸತ್ತ್ವಾವಜಯವು. ಉನ್ಮಾದಕ್ಕೆ ಕಾರಣವಾಗುವ ಭಾವಗಳಲ್ಲಿ ಭಯ, ಶೋಕ, ಚಿಂತೆಗಳನ್ನೂ ಆ ಗ್ರಂಥವು ಎಣಿಸಿದೆ. ಕನ್ನಡದಲ್ಲಿ, ಜಯಸಿಂಹನ ಕಾಲಕ್ಕೆ, ಅಂದರೆ ಕ್ರಿ.ಶ. 1025ರ ಸುಮಾರಿಗೆ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದವೂ ಮನುಷ್ಯರ ವೈದ್ಯವೂ ಒಂದೇ ಗ್ರಂಥದೊಳಗೆ ಅಡಕವಾಗಿವೆ. ಗಿಡವನ್ನು ಬಲ್ಲವನೂ ದೇಹವನ್ನು ಬಲ್ಲವನೂ ಆ ಕಾಲಕ್ಕೆ ಬಹುದೂರದವರಾಗಿರಲಿಲ್ಲವೆಂಬುದು ಇದರಿಂದ ತೋರುತ್ತದೆ.

ಶಕ 1051ರಲ್ಲಿ (ಕ್ರಿ.ಶ. 1129) ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಹೊರಬಂದ ಸಂಸ್ಕೃತ ‘ಮಾನಸೋಲ್ಲಾಸ’ವು ಇನ್ನೂ ಸ್ಪಷ್ಟವಾದ ಸಾಕ್ಷಿ. ಗ್ರಂಥದ ಹೆಸರಿನ ಅರ್ಥವೇ ಮನಸ್ಸಿನ ಉಲ್ಲಾಸ. ಇದರ ಕ್ರೀಡಾವಿಂಶತಿಯಲ್ಲಿ ವನಕ್ರೀಡೆಯೊಡನೆ ಸಸ್ಯಕ್ರೀಡೆಯೂ ಪರಿಗಣಿತವಾಗಿದೆ. ಆದರೆ ಇಷ್ಟರಿಂದಲೇ ಕೃಷಿಯು ಸರ್ವರಿಗೂ ಮನೋವೈದ್ಯವಾಗಿತ್ತೆಂದು ಸಾಧಿಸಹೊರಡುವುದು ಸಾಹಸವಾದೀತು. ಬೆಳೆದು ನಿಂತ ಪೈರು ಅರಸನಿಗೆ ಕ್ರೀಡಾಭೂಮಿ. ಸಾಲದ ಬೀಜವನ್ನು ಬಿತ್ತಿ ಮುಗಿಲನ್ನು ನೋಡುತ್ತ ಕುಳಿತವನಿಗೆ ಅದೇ ಹೊಲವು ಚಿಂತೆಯ ಬೀಡು. ಹೊಲವೊಂದೇ, ಭಾರವನ್ನು ಹೊರುವ ಹೆಗಲು ಬೇರೆ.

ಹಾಗಾದರೆ ಒಕ್ಕಲಿಗನಿಗೆ ಉಲ್ಲಾಸವಿರಲಿಲ್ಲವೆ? ಇದ್ದಿತು, ಅದು ಕೂಟದಲ್ಲಿದ್ದಿತು. ಈ ಎರೆಯ ನಾಡಿನಲ್ಲಿ ಶೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆಗಳಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರನ್ನು ಪೂಜಿಸಿ, ಚರಗ ಚೆಲ್ಲಿ, ನೆರೆಯವರನ್ನು ಕರೆದು ಉಣ್ಣುವ ರೂಢಿಯು ಇಂದಿಗೂ ಉಂಟು. ಇದನ್ನು ಜನಸಾಮಾನ್ಯರ ಸಸ್ಯಕ್ರೀಡೆಯೆಂದರೆ ಅತಿಶಯೋಕ್ತಿಯಾಗದು. ಒಬ್ಬರ ಹೊಲದ ಕೆಲಸಕ್ಕೆ ಮತ್ತೊಬ್ಬರು ಕೈಗೂಡಿಸುವ ಮುಯ್ಯಾಳಿನ ಪದ್ಧತಿಯೂ ಇದರ ಒಡಹುಟ್ಟಿದುದೇ. ಈ ಪ್ರಾಂತದ ದಾನಶಾಸನಗಳಲ್ಲಿ ಕೆಯ್, ಗಾಣಗಳೊಡನೆ ಪೂದೋಂಟವೂ ಮೇಲಿಂದ ಮೇಲೆ ಬರುತ್ತದೆ. ಅಂಥ ದತ್ತಿಯ ರಕ್ಷಣೆಯು ಅನೇಕ ವೇಳೆ ಊರ ಮಹಾಜನಗಳ ಹೊಣೆಯಾಗಿದ್ದಿತು.

ಆಧುನಿಕ ಕಾಲದಲ್ಲಿ ಈ ತತ್ತ್ವವು ಎರಡು ಕವಲಾಗಿ ಕಾಣಿಸಿಕೊಂಡಿತು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನಾಯಕತ್ವದಲ್ಲಿ ಭಾರತದ ಪ್ರಥಮ ಕೃಷಿ ಪತ್ತಿನ ಸಹಕಾರ ಸಂಘವು ಸ್ಥಾಪಿತವಾಯಿತು. ಒಬ್ಬನ ಎದೆಯನ್ನು ಹಿಂಡುವ ಸಾಲದ ಚಿಂತೆಯನ್ನು ಊರು ಹಂಚಿಕೊಳ್ಳುವ ಉಪಾಯವದು. ವೈದ್ಯದ ಕಡೆಯಲ್ಲಿ, 1845ರಿಂದ ಧಾರವಾಡದಲ್ಲಿದ್ದ ಮಾನಸಿಕ ಆಸ್ಪತ್ರೆಯು ರೋಗಿಯನ್ನು ಊರಿನಿಂದ ದೂರ ತಂದಿರಿಸುವ ಕ್ರಮದ್ದು. ತುಂಗಭದ್ರೆಯ ಆಚೆಯ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಡೆಯಿಸಿದ ಪ್ರಯೋಗದಲ್ಲಾದರೋ, ಚಿಕಿತ್ಸೆಯೇ ಪ್ರಾಥಮಿಕ ಆರೋಗ್ಯಕೇಂದ್ರಗಳ ಮೂಲಕ ಹಳ್ಳಿಗೆ ಬಂದಿತು. ರೋಗಿಯು ತನ್ನ ಮನೆ, ಹೊಲ, ನೆಂಟರ ನಡುವೆಯೇ ಉಳಿದು ಗುಣಹೊಂದುವ ಮಾರ್ಗವದು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಈಚಿನ ದಶಕಗಳಲ್ಲಿ ಮಳೆಯನ್ನೇ ನಂಬಿದ ಸೀಮೆಗಳಲ್ಲಿ ರೈತರು ಸಾಲಕ್ಕೆ ಅಂಜಿ ಪ್ರಾಣವನ್ನೇ ತೊರೆದ ದುಃಖವಾರ್ತೆಗಳು ವಿದಿತವೇ ಇವೆ. ಅಂಥ ಮನೆಯವರಿಗೆ ಮಣ್ಣಿನ ಕೆಲಸವು ಮನಸ್ಸಿಗೆ ಹಿತವೆಂದು ಉಪದೇಶಿಸುವುದು ಗಾಯಕ್ಕೆ ಉಪ್ಪು ಸವರಿದಂತೆ. ಮೇಲಿನ ಆಧಾರಗಳಿಂದ ಸಿದ್ಧವಾಗುವುದಿಷ್ಟೆ: ಕೃಷಿಯು ತನ್ನಷ್ಟಕ್ಕೆ ಔಷಧವೂ ಅಲ್ಲ, ವ್ಯಾಧಿಯೂ ಅಲ್ಲ. ಹಲವರ ಕೈ ಕೂಡಿದಲ್ಲಿ ಅದು ಉಲ್ಲಾಸ. ಒಂಟಿ ಹೆಗಲಿಗೆ ಬಿದ್ದಲ್ಲಿ ಚಿಂತೆ. ಚರಗದ ಬುತ್ತಿಯನ್ನು ಒಬ್ಬನೇ ಉಣ್ಣುವ ವಾಡಿಕೆಯು ಈ ನಾಡಿನಲ್ಲಿಲ್ಲ.