ಓಟದ ಕಾರೂ ಮೈಲಿಯ ಲೆಕ್ಕವೂ

ಮೋಟಾರು ಕಾರಿನ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ವೇಗದ ಚರಿತ್ರೆಯನ್ನೇ ಬರೆದಿದ್ದಾರೆ. ಯಾವ ವರ್ಷ ಯಾವ ಕಾರು ಗಂಟೆಗೆ ಎಷ್ಟು ಮೈಲಿ ಓಡಿತು, ಯಾರು ಯಾರನ್ನು ಹಿಂದೆ ಹಾಕಿದರು ಎಂಬುದೆಲ್ಲ ಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ಒಂದು ಕಾರು ಒಬ್ಬನೇ ಯಜಮಾನನ ಬಳಿ ಎಷ್ಟು ಕಾಲ ಬಾಳಿತು, ಎಷ್ಟು ದೂರ ನಡೆಯಿತು, ಅದನ್ನು ಕಾಪಾಡಿದ ಕೈಗಳು ಯಾರವು ಎಂಬುದು ಸಿಗುವುದು ಅಪರೂಪ. ಅದರಲ್ಲಿಯೂ ಓಟದ ಕಾರು, ಅಂದರೆ ಜನ ಸ್ಪೋರ್ಟ್ಸ್ ಕಾರು ಎಂದು ಕರೆಯುವ ಎರಡು ಬಾಗಿಲಿನ ತಗ್ಗು ಮೈಯ ವಾಹನ, ಬಾಳಿಕೆಗೆ ಹೆಸರಾದದ್ದಲ್ಲ. ಅದು ಯೌವನದ ವಸ್ತು, ಕೆಲವು ವರ್ಷ ಮೆರೆದು ಮೂಲೆ ಸೇರುವಂಥದು ಎಂಬುದು ಲೋಕದ ನಂಬಿಕೆ. ಓಟವೂ ಬಾಳಿಕೆಯೂ ಒಂದೆಡೆ ಕೂಡಿದ ಪ್ರಸಂಗಗಳನ್ನು ಕುರಿತು, ಕೋಲಾರದ ಸೀಮೆಯಲ್ಲಿ ನಿಂತವನಿಗೆ ಕಾಣುವಷ್ಟನ್ನು ಈ ಹೊತ್ತು ಹೇಳುತ್ತೇನೆ.

ಮೊದಲು ದೂರದ ಒಂದು ಉದಾಹರಣೆ. ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಲಾಂಗ್ ಐಲೆಂಡಿನಲ್ಲಿ ಇರ್ವ್ ಗಾರ್ಡನ್ ಎಂಬ ವಿಜ್ಞಾನದ ಉಪಾಧ್ಯಾಯರಿದ್ದರು. 1966ರ ಜೂನ್ ತಿಂಗಳಲ್ಲಿ ಅವರು ಸ್ವೀಡನ್ ದೇಶದ ವೋಲ್ವೊ ಪಿ 1800 ಎಂಬ ಕೆಂಪು ಬಣ್ಣದ ಓಟದ ಕಾರೊಂದನ್ನು ಕೊಂಡರು. ಕೊಂಡ ಎರಡು ಮೂರು ದಿನಗಳಲ್ಲಿಯೇ 1,500 ಮೈಲಿ ಓಡಿಸಿ ಮೊದಲನೆಯ ಸರ್ವೀಸಿಗೆ ಮರಳಿ ಬಂದರಂತೆ. ಪಾಠಶಾಲೆಗೆ ಹೋಗಿ ಬರಲು ದಿನಕ್ಕೆ ನೂರಿಪ್ಪತ್ತೈದು ಮೈಲಿಯ ದಾರಿ. ರಜೆ ಬಂದರೆ ದೇಶಸಂಚಾರ. 1987ರಲ್ಲಿ ಹತ್ತು ಲಕ್ಷ ಮೈಲಿ ತುಂಬಿತು, 2002ರಲ್ಲಿ ಇಪ್ಪತ್ತು ಲಕ್ಷ, 2013ರ ಸೆಪ್ಟೆಂಬರಿನಲ್ಲಿ ಅಲಾಸ್ಕಾದ ರಸ್ತೆಯೊಂದರಲ್ಲಿ ಮೂವತ್ತು ಲಕ್ಷ. ಕಾರು ಅದೇ, ಯಜಮಾನರೂ ಅವರೇ. ಗಾರ್ಡನ್ 2018ರಲ್ಲಿ ತೀರಿಕೊಂಡರು.

ಮೂವತ್ತು ಲಕ್ಷ ಮೈಲಿಯೆಂದರೆ ಸುಮಾರು 48 ಲಕ್ಷ ಕಿಲೋಮೀಟರು. ನಮ್ಮ ಅಳತೆಯಲ್ಲಿ ಹೇಳುವುದಾದರೆ, ಕೋಲಾರದಿಂದ ಬೆಂಗಳೂರಿಗೆ ಹೋಗಿ ಬರುವುದನ್ನು ದಿನಕ್ಕೆರಡು ಸಲದಂತೆ, ಒಂದು ದಿನವೂ ಬಿಡದೆ, ನಲವತ್ತೇಳು ವರ್ಷ ಮಾಡಿದರೆ ಅಷ್ಟಾಗುತ್ತದೆ. ಇದನ್ನು ಪವಾಡವೆನ್ನಬೇಕಾಗಿಲ್ಲ. ಆ ಕಾರಿನ ರೂಪ ಓಟದ್ದಾದರೂ ಅದರೊಳಗಿನ ಎಂಜಿನ್ನು ಅದೇ ಕಂಪೆನಿಯ ಸಂಸಾರಸ್ಥರ ಕಾರುಗಳಲ್ಲಿಯೂ ಇದ್ದದ್ದು. ಅದರ ಕ್ರ್ಯಾಂಕು ಐದು ಬೇರಿಂಗುಗಳ ಮೇಲೆ ಭದ್ರವಾಗಿ ಕುಳಿತಿತ್ತು. ಮೈ ಜಿಂಕೆಯದು, ಎದೆ ಎತ್ತಿನದು. ಅದಕ್ಕೆ ಗಾರ್ಡನ್ ಸೇರಿಸಿದ್ದು ಎರಡೇ: ಕಂಪೆನಿಯ ಕೈಪಿಡಿಯಲ್ಲಿ ಹೇಳಿದ ಹೊತ್ತಿಗೆ ಎಣ್ಣೆ ಬದಲಾಯಿಸುವ ನಿಯಮ, ಮತ್ತು ಆ ನಿಯಮವನ್ನು ಮೀರದ ಮನಸ್ಸು. ಎಂಜಿನ್ನನ್ನು ಮೊದಲ ಸಲ ಬಿಚ್ಚಿ ಕಟ್ಟಿದ್ದು ಆರೂಮುಕ್ಕಾಲು ಲಕ್ಷ ಮೈಲಿ ದಾಟಿದ ಮೇಲೆ.

ಇನ್ನು ನಮ್ಮ ಕಡೆಗೆ ಬರೋಣ. ನನ್ನ ಊರು ಕೋಲಾರ ತಾಲ್ಲೂಕಿನ ಹೋಳೂರು. ನಮ್ಮ ಸೀಮೆಯ ದೊಡ್ಡ ದಾರಿಯೆಂದರೆ ಬೆಂಗಳೂರಿನಿಂದ ಹೊಸಕೋಟೆ, ನರಸಾಪುರ, ಕೋಲಾರ, ಮುಳಬಾಗಿಲು, ನಂಗಲಿಗಳ ಮೇಲೆ ಚಿತ್ತೂರಿನತ್ತ ಇಳಿದು ಮದರಾಸಿಗೆ ಹೋಗುವ, ಹಿಂದೆ ನಾಲ್ಕನೆಯ ರಾಷ್ಟ್ರೀಯ ಹೆದ್ದಾರಿ ಎನಿಸಿಕೊಂಡಿದ್ದ ರಸ್ತೆ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರು ಬಾಳನ್ನು ಜಟಕಾ ಬಂಡಿಗೆ ಹೋಲಿಸಿದ್ದು ಕನ್ನಡಿಗರೆಲ್ಲರಿಗೂ ತಿಳಿದದ್ದೇ. ಆ ಕಾಲದ ವಾಹನ ಅದು. ಅಂದಿನ ಕೋಲಾರ ಜಿಲ್ಲೆಗೇ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೂರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದು, ಭಾರತದಲ್ಲಿಯೇ ಮೋಟಾರು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ವಾಲ್‌ಚಂದ್ ಹೀರಾಚಂದರು ಅದಕ್ಕೆ ಕೈಜೋಡಿಸಿದರು. ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ಬೆಂಗಳೂರಿಗೆ 1940ರಲ್ಲಿ ವಿಮಾನ ಕಾರ್ಖಾನೆ ಬಂದಿತು. ಮೋಟಾರು ಕಾರ್ಖಾನೆ 1944ರಲ್ಲಿ ಮುಂಬಯಿಯ ಪಾಲಾಯಿತು.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಕಾರು ಕೊಳ್ಳುವುದೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವುದು. ಅಂಬಾಸಿಡರ್, ಫಿಯಟ್, ಸ್ಟಾಂಡರ್ಡ್ ಎಂಬ ಮೂರೇ ಮನೆತನಗಳು. ಓಟದ ಕಾರೆಂಬ ಜಾತಿ ನಮ್ಮ ಪೇಟೆಯಲ್ಲಿ ಇರಲೇ ಇಲ್ಲ. ಆದರೆ ಅದರ ಒಡಹುಟ್ಟು ಒಂದಿತ್ತು. 1961ರಿಂದ 1971ರವರೆಗೆ ಮದರಾಸಿನಲ್ಲಿ ತಯಾರಾದ ಸ್ಟಾಂಡರ್ಡ್ ಹೆರಾಲ್ಡ್ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ಪಡಿಯಚ್ಚು. ಅದೇ ಹೆರಾಲ್ಡಿನ ಚಾಸಿಯನ್ನು ಮೊಟಕುಮಾಡಿ, ಅದೇ ಇಟಲಿಯ ಶಿಲ್ಪಿ ಮಿಕೆಲೊಟ್ಟಿಯ ಕೈಯಲ್ಲಿ ಮೈ ಬರೆಸಿ, ಇಂಗ್ಲಿಷಿನವರು 1962ರಲ್ಲಿ ಸ್ಪಿಟ್‌ಫೈರ್ ಎಂಬ ಪ್ರಸಿದ್ಧ ಓಟದ ಕಾರನ್ನು ಹೊರತಂದರು. ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುವ ಬಾನೆಟ್ಟು ಎರಡಕ್ಕೂ ಒಂದೇ ಬಗೆಯದು. ಆದುದರಿಂದ ಹೆರಾಲ್ಡ್ ರಿಪೇರಿ ಕಲಿತ ನಮ್ಮ ಗ್ಯಾರೇಜಿನವನು, ತನಗೇ ತಿಳಿಯದಂತೆ, ಒಂದು ಓಟದ ಕಾರಿನ ಮರ್ಮವನ್ನೂ ಕಲಿತಿದ್ದನೆನ್ನಬೇಕು.

ಬೆಂಗಳೂರಿನದೇ ಎನ್ನಬಹುದಾದ ಪ್ರಯತ್ನ ಬಂದದ್ದು 1982ರಲ್ಲಿ. ಸಿಪಾನಿ ಕಂಪೆನಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. ಮೈ ತಗಡಿನದಲ್ಲ, ಫೈಬರ್ ಗ್ಲಾಸಿನದು. ಎಂಜಿನ್ನು ಅಲ್ಯೂಮಿನಿಯಮ್ಮಿನದು, 848 ಸಿ.ಸಿ. ಅದನ್ನು ಮನೆಮಂದಿಯ ಕಾರೆಂದೇ ಮಾಡಿದ್ದರು. ಆದರೆ ಅದರ ತೂಕ ಎಷ್ಟು ಕಡಮೆಯೆಂದರೆ, ರ‍್ಯಾಲಿಗೆ ಹೋಗುವ ಹುಡುಗರು ಅದನ್ನು ಕಂಡೊಡನೆ ತಮ್ಮದಾಗಿಸಿಕೊಂಡರು. ಮದರಾಸಿನ ಬಳಿ ಶೋಳವರಂನಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಪಟ್ಟಿಯೊಂದಿತ್ತು. 1950ರ ದಶಕದಿಂದ 1980ರ ದಶಕದ ಕೊನೆಯವರೆಗೂ ದಕ್ಷಿಣ ಭಾರತದ ಮೋಟಾರು ಪಂದ್ಯಗಳಿಗೆ ಅದೇ ಅಖಾಡ. ಓಟದ ಕಾರಿಲ್ಲದ ದೇಶದಲ್ಲಿ ಸಂಸಾರದ ಕಾರನ್ನೇ ಓಟಕ್ಕೆ ಹದಗೊಳಿಸುವ ವಿದ್ಯೆ ಬೆಳೆದದ್ದು ಹೀಗೆ. 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ ಡಾಲ್ಫಿನ್ನಿನ ಕಾಲ ಬೇಗ ಮುಗಿಯಿತು. 1998ರಲ್ಲಿ ಸ್ಯಾನ್ ಸ್ಟಾರ್ಮ್ ಎಂಬ, ಮೇಲ್ಚಾವಣಿ ತೆಗೆಯಬಹುದಾದ, ಇಬ್ಬರೇ ಕೂರುವ ನಿಜವಾದ ಓಟದ ಕಾರೊಂದು ನಮ್ಮ ದೇಶದಲ್ಲಿಯೇ ತಯಾರಾಯಿತು, ಕೊಂಡವರು ಕೆಲವರೇ.

ಇಷ್ಟು ಕಂಪೆನಿಗಳ ಕಥೆ. ಬಾಳಿಕೆಯ ಕಥೆ ಗ್ಯಾರೇಜಿನದು. ನಾನು ಕೋಲಾರದಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಬಸ್ಸು ತಡವಾದ ಸಂಜೆಗಳನ್ನು ಒಂದು ಗ್ಯಾರೇಜಿನ ಬೆಂಚಿನ ಮೇಲೆ ಕಳೆದದ್ದುಂಟು. ಅದರ ಯಜಮಾನರನ್ನು ಊರೆಲ್ಲ ಸಾಬರು ಎನ್ನುತ್ತಿತ್ತು. ಹೆರಾಲ್ಡಿನ ಮುಂದಿನ ಚಕ್ರ ತಿರುಗುವ ಕೀಲಿಗೆ ಗ್ರೀಸು ತುಂಬಬಾರದು, ಗೇರಿನ ಎಣ್ಣೆಯನ್ನೇ ಹಾಕಬೇಕು, ಇಲ್ಲವಾದರೆ ಕೀಲು ಒಂದು ದಿನ ದಾರಿಯಲ್ಲಿ ಮುರಿದು ಚಕ್ರ ಮಲಗುತ್ತದೆ ಎಂಬುದು ನನಗೆ ತಿಳಿದದ್ದು ಅವರಿಂದ. ಹಳೆಯ ಕಾರು ಕೊಳ್ಳಬಂದವರು ಮೊದಲು ಮೀಟರು ನೋಡಿದರೆ ಅವರಿಗೆ ನಗು.

"ಅದನ್ನೇನು ನೋಡ್ತೀರ ಮೇಷ್ಟ್ರೇ? ಅದಕ್ಕಿರೋದು ಐದೇ ಅಂಕಿ. ಒಂದು ಲಕ್ಷ ಆದರೆ ಮತ್ತೆ ಸೊನ್ನೆ. ಪೆಡಲಿನ ರಬ್ಬರು ನೋಡಿ, ಸ್ಟೀರಿಂಗು ಎಷ್ಟು ನುಣ್ಣಗಾಗಿದೆ ನೋಡಿ. ಅವು ಸೊನ್ನೆ ಆಗೋದಿಲ್ಲ."

ಚರಿತ್ರೆಯ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಅಧಿಕೃತ ದಾಖಲೆ ಒಂದು ಮಾತು ಹೇಳುತ್ತದೆ, ಸವೆತ ಇನ್ನೊಂದು ಹೇಳುತ್ತದೆ. ಮೇಲಾಗಿ 1960ರ ದಶಕದಲ್ಲಿ ನಾಡು ಮೈಲಿಯಿಂದ ಕಿಲೋಮೀಟರಿಗೆ ಹೊರಳಿತು. ಮೀಟರು ಮೈಲಿಯದೋ ಕಿಲೋಮೀಟರಿನದೋ, ಎಷ್ಟು ಸಲ ಸೊನ್ನೆಗೆ ಮರಳಿತೋ, ಕೇಬಲು ತುಂಡಾಗಿ ಎಷ್ಟು ವರ್ಷ ಸುಮ್ಮನೆ ನಿಂತಿತ್ತೋ, ಇದನ್ನೆಲ್ಲ ಬಲ್ಲವನು ಗ್ಯಾರೇಜಿನವನೊಬ್ಬನೇ. ಸಾಬರ ಬಳಿ ಉದ್ದನೆಯ ಲೆಕ್ಕದ ಪುಸ್ತಕವಿತ್ತು. ಬಂದ ಗಾಡಿಯ ನಂಬರು, ತಾರೀಖು, ಮೀಟರಿನ ಅಂಕಿ, ಬದಲಿಸಿದ ಭಾಗ, ಎಲ್ಲವೂ ಉರ್ದುವಿನಲ್ಲಿ. ಅವರು ಹೋದ ಮೇಲೆ ಗ್ಯಾರೇಜು ಕೈಬದಲಾಯಿತು. ಆ ಪುಸ್ತಕಗಳು ರದ್ದಿಯ ತಕ್ಕಡಿ ಸೇರಿದವು. ನಮ್ಮ ಸೀಮೆಯ ಮೂವತ್ತು ವರ್ಷದ ಮೋಟಾರಿನ ಚರಿತ್ರೆ ಅದರೊಡನೆ ಹೋಯಿತು.

ಗಾರ್ಡನ್ನರ ಹೆಸರನ್ನು 1998ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿಸಿದರು. ನಮ್ಮಲ್ಲಿ ಅಂಥ ಕಾರು ಇರಲಿಲ್ಲವೆಂದು ಯಾರು ಹೇಳಬಲ್ಲರು? ಇದ್ದಿದ್ದರೂ ತೋರಿಸಲು ಕಾಗದವಿಲ್ಲ. ಇನ್ನು ಕಾನೂನಿನ ದಾರಿಯೂ ಬೇರೆಯಾಯಿತು. ಸ್ವಂತದ ಕಾರಿನ ನೋಂದಣಿಗೆ ಹದಿನೈದು ವರ್ಷದ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 600 ರೂಪಾಯಿಯಿದ್ದ ಆ ಶುಲ್ಕ 2022ರ ಏಪ್ರಿಲಿನಲ್ಲಿ 5,000ಕ್ಕೆ ಏರಿತು. ಐವತ್ತು ವರ್ಷ ಮೀರಿದ ಕಾರಿಗೆ 2021ರ ನಿಯಮಗಳು ವಿಂಟೇಜ್ ಎಂಬ ಗೌರವದ ಪೀಠ ಕೊಟ್ಟವು. ಆದರೆ ಆ ಪೀಠವೇರಿದ ಕಾರು ನಿತ್ಯದ ಓಡಾಟಕ್ಕೆ ರಸ್ತೆಗಿಳಿಯುವಂತಿಲ್ಲ. ಹೊಗೆಯ ವಿಚಾರದಲ್ಲಿ ಸರ್ಕಾರದ ಕಾಳಜಿ ನ್ಯಾಯವಾದದ್ದೇ. ಆದರೂ ಒಂದು ಮಾತು ಉಳಿಯುತ್ತದೆ. ದುಡಿಯುತ್ತ ಹಳತಾದ ಕಾರಿಗಿಂತ ಮುಸುಕು ಹೊದ್ದು ಹಳತಾದ ಕಾರಿಗೆ ಮರ್ಯಾದೆ ಹೆಚ್ಚಾಯಿತು.

ಬಿ.ಎಲ್. ರೈಸರು ನಮ್ಮ ಜಿಲ್ಲೆಯ ಶಾಸನಗಳನ್ನು ಹುಡುಕಿಸಿ 1905ರಲ್ಲಿ ಒಂದು ಸಂಪುಟವಾಗಿ ಅಚ್ಚುಮಾಡಿಸಿದರು. ಹೊಲದ ಬದುವಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿದ್ದ ಬರಹ ಹಾಗೆ ಚರಿತ್ರೆಯಾಯಿತು. ಇಪ್ಪತ್ತನೆಯ ಶತಮಾನದ ನಮ್ಮ ಶಾಸನಗಳು ಕಲ್ಲಿನ ಮೇಲಿಲ್ಲ, ಆರ್.ಸಿ. ಪುಸ್ತಕದಲ್ಲಿ, ತೆರಿಗೆಯ ಚೀಟಿಯಲ್ಲಿ, ಪೆಟ್ರೋಲಿನ ರಸೀದಿಯಲ್ಲಿ, ಗ್ಯಾರೇಜಿನ ಎಣ್ಣೆಗಲೆಯ ಹಾಳೆಗಳಲ್ಲಿವೆ. ಅವುಗಳಲ್ಲಿ ಶ್ರೀನಿವಾಸಪುರದ ಮಾವಿನ ವ್ಯಾಪಾರಿ ಎಷ್ಟು ಸಲ ಮದರಾಸಿಗೆ ಹೋದ, ಮಾಲೂರಿನ ಡಾಕ್ಟರು ರಾತ್ರಿ ಯಾವ ಹಳ್ಳಿಗೆ ಓಡಿದರು ಎಂಬುದೆಲ್ಲ ಅಡಗಿರುತ್ತದೆ. ಮನೆಯಲ್ಲಿ ಹಿರಿಯರ ಕಾರೊಂದಿದ್ದು ಅದು ಗುಜರಿಗೆ ಹೋಗುವುದೇ ಆದರೆ ಹೋಗಲಿ. ಅದರ ಕಾಗದಗಳನ್ನು ಮಾತ್ರ ಒಂದು ಗಂಟು ಕಟ್ಟಿ ಇಟ್ಟುಕೊಳ್ಳಿ. ರಿಪೇರಿ ಮಾಡಿದವರು ಬದುಕಿದ್ದರೆ ಅವರ ಮಾತನ್ನೂ ಬರೆದಿಡಿ. ಮುಂದೆ ಈ ಸೀಮೆಯ ಚರಿತ್ರೆ ಬರೆಯುವವನಿಗೆ ಅದು ಬೇಕಾಗುತ್ತದೆ.